ದೋಣಿ ಕಟ್ಟುವ ಗೂಟ

ಕಡಲು ನೆಲದೊಳಗೆ ಕೈ ಚಾಚಿದ ಹಾಗೆ ಒಂದು ಉಪ್ಪುಹೊಳೆ. ಅದರ ದಂಡೆಯಲ್ಲಿ ಹೊಳೆಯಮ್ಮನ ಗುಡಿ. ಗುಡಿಯ ಪಕ್ಕದ ಗುಡಿಸಲಿನಲ್ಲಿ ಈರಯ್ಯ ಗುರುಗಳು ಇದ್ದರು.

ಪ್ರಾಯದಲ್ಲಿ ದೋಣಿ ನಡೆಸಿದವರು. ಆಮೇಲೆ ಹುಟ್ಟು ಕೆಳಗಿಟ್ಟು ಅಮ್ಮನ ದೀಪ ನೋಡಿಕೊಂಡು ಕುಳಿತವರು. ಮಾತು ಕಮ್ಮಿ. ಆದರೆ ಅವರನ್ನು ಕೇಳದೆ ಆ ಹೊಳೆಯಲ್ಲಿ ಯಾರೂ ಬಲೆ ತೋಯಿಸುತ್ತಿರಲಿಲ್ಲ.

ದಂಡೆಯ ಉದ್ದಕ್ಕೂ ದೋಣಿ ಕಟ್ಟುವ ಗೂಟಗಳು, ಮನೆಗೊಂದು. ಗೂಟ ಇದ್ದವನಿಗೆ ಹೊಳೆ. ಹೊರಗಿನವನಿಗೆ ಗೂಟ ಬೇಕಾದರೆ ಗುರುಗಳು ಹೂಂ ಅನ್ನಬೇಕು.

ಅಂಥ ಕಡೆಗೆ ಜಟ್ಟಪ್ಪ ಬಂದ. ಘಟ್ಟದ ಬುಡದ ಸಿಹಿನೀರಿನ ಹೊಳೆಯವನು. ಅಲ್ಲಿ ಮೇಲುಗಡೆ ಅಣೆಕಟ್ಟೆ ಎದ್ದ ಮೇಲೆ ಮೀನು ಹೋಗಿತ್ತು. ದೋಣಿಯನ್ನು ಗಾಡಿಗೆ ಹೇರಿ, ಹೆಂಡತಿ ಸಾತಮ್ಮನನ್ನು ಮುಂದೆ ಕೂರಿಸಿಕೊಂಡು ಹೊರಟು ಬಂದಿದ್ದ. ಅವಳು ತುಂಬಿದ ಬಸುರಿ. ಹೆರಿಗೆಯಾಗುವುದರೊಳಗೆ ಎಲ್ಲಾದರೂ ನೆಲೆ ನಿಲ್ಲಬೇಕಿತ್ತು.

ಬಂದ ಸಂಜೆ ಹೊಳೆ ತುಂಬಿತ್ತು. ತನ್ನೂರಿನ ಅಭ್ಯಾಸದಂತೆ ದೋಣಿಯನ್ನು ಯಾರದೋ ಹಳೆಯ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದು ಕಟ್ಟಿ, ಗುಡಿಯ ಜಗಲಿಯಲ್ಲಿ ಮಲಗಿದ.

ಬೆಳಿಗ್ಗೆ ನೋಡಿದರೆ ಹೊಳೆಯಲ್ಲಿ ನೀರೇ ಇಲ್ಲ. ದೋಣಿ ಮೂತಿ ಮೇಲೆ ಮಾಡಿ ಗೂಟಕ್ಕೆ ನೇತಾಡುತ್ತಿತ್ತು. ಒಳಗಿದ್ದ ಬಲೆ, ಪಾತ್ರೆ ಎಲ್ಲ ಕೆಸರಿನ ಪಾಲು.

ದಂಡೆಯ ಹಿರಿಯ ಪರ್ಸಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇದೆಂತದು ಮಾರಾಯ, ದೋಣಿ ಒಣಗಲಿಕ್ಕೆ ಹಾಕಿದ್ದೀಯಾ?"

ದಂಡೆಯೆಲ್ಲ ನಕ್ಕಿತು. ಸಾತಮ್ಮ ಸೆರಗು ಬಾಯಿಗಿಟ್ಟು ಆ ಕಡೆ ತಿರುಗಿದಳು. ಅವಳೂ ನಗುತ್ತಿದ್ದಳು ಎಂದು ಜಟ್ಟಪ್ಪನಿಗೆ ಗೊತ್ತಾಯಿತು.

ಅವನು ನೇರ ಗುರುಗಳ ಹತ್ತಿರ ಹೋಗಿ ಅಡ್ಡಬಿದ್ದ. ತನ್ನನ್ನು ಶಿಷ್ಯನಾಗಿ ಇಟ್ಟುಕೊಳ್ಳಬೇಕು, ಈ ಹೊಳೆಯನ್ನು ಕಲಿಸಬೇಕು ಎಂದು ಬೇಡಿಕೊಂಡ.

"ಕೇಳು," ಅಂದರು ಗುರುಗಳು.

"ಈ ಹೊಳೆ ಯಾವ ಕಡೆಗೆ ಹರಿತದೆ ಗುರುಗಳೇ?"

"ಯಾವಾಗ?"

ಜಟ್ಟಪ್ಪ ಹೊಳೆಯ ಕಡೆ ತಿರುಗಿ ನೋಡಿದ. ಗುರುಗಳು ಅವನ ಕೈಗೆ ಕಸಬರಿಗೆ ಕೊಟ್ಟು ಗುಡಿಯ ಅಂಗಳ ತೋರಿಸಿದರು.

ಕೆಲವು ದಿನ ಅವನು ಅಂಗಳ ಗುಡಿಸಿದ, ನೀರು ಹೊತ್ತ. ಕಡಲಿನ ಭರತಕ್ಕೆ ಹೊಳೆ ಏರುವುದನ್ನೂ ಇಳಿತಕ್ಕೆ ಬರಿದಾಗುವುದನ್ನೂ ದಂಡೆಯಲ್ಲಿ ನಿಂತು ನೋಡಿದ. ಒಂದು ಸಂಜೆ ಪರ್ಸಪ್ಪನೇ ಬಂದು ಅಲ್ಲಿಯ ಕಟ್ಟಳೆ ಹೇಳಿದ. ಹೊಸಬನಾದವನು ಏರುವ ನೀರಿನಲ್ಲಿ ಒಳಮಡುವಿಗೆ ಹೋಗಬೇಕು. ಅಮ್ಮನಿಗೆ ಮೀನು ಹಿಡಿದು, ಇಳಿಯುವ ನೀರಿನಲ್ಲಿ ಮರಳಬೇಕು. ಗುರುಗಳು ದೋಣಿಯಲ್ಲಿ ಕೂತಿರುತ್ತಾರೆ, ದಾರಿ ಹೇಳುವುದಿಲ್ಲ. ಆಗದಿದ್ದರೆ ಬೇರೆ ದಂಡೆ ನೋಡಿಕೊಳ್ಳಬೇಕು.

ಸಾತಮ್ಮ ರಾತ್ರಿಯೇ ತನ್ನ ಕೆಂಪು ಸೀರೆಯೊಂದನ್ನು ಉದ್ದುದ್ದ ಹರಿದಿಟ್ಟಳು. ತಿರುವು ತಿರುವಿಗೆ ಒಂದೊಂದು ಕಟ್ಟುತ್ತ ಹೋಗು, ಬರುವಾಗ ಅದನ್ನೇ ಹಿಡಿದು ಬಾ ಎಂದಳು. ಅದು ಅವಳ ಮದುವೆಯ ಸೀರೆ. ಜಟ್ಟಪ್ಪ ಪಟ್ಟಿಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡ.

ಬೆಳಗಿನ ನೀರಿನೊಂದಿಗೆ ಹೊರಟರು. ಎರಡೂ ಬದಿಗೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಕೊಂಬೆ ನೀರಿಗೆ ತಾಗಿಸಿಕೊಂಡು ನಿಂತಿದ್ದವು. ಹೊಳೆ ಕವಲಾದಲ್ಲೆಲ್ಲ ಜಟ್ಟಪ್ಪ ಕೂತಲ್ಲಿಂದಲೇ ಕೈ ಚಾಚಿ ಕೊಂಬೆಗೆ ಬಟ್ಟೆ ಕಟ್ಟಿದ.

"ಕಾಣ್ತದಾ?" ಗುರುಗಳು ಕೇಳಿದರು.

"ಕಣ್ಣಿನ ಮಟ್ಟಕ್ಕೇ ಕಟ್ಟಿದ್ದೇನೆ ಗುರುಗಳೇ."

ಗುರುಗಳು ಹೂಂ ಅಂದರು.

ಒಳಮಡುವಿನಲ್ಲಿ ನೀರು ಕೆರೆಯ ಹಾಗೆ ಹರಡಿತ್ತು. ಜಟ್ಟಪ್ಪ ಬಲೆ ಬೀಸಿದ, ಬೀಸಿದ, ತೋಳು ಸೋಲುವಷ್ಟು ಬೀಸಿದ. ಎಲೆ ಬಂತು, ಕಡ್ಡಿ ಬಂತು. ಅಷ್ಟು ನೀರಿನಲ್ಲಿ ಮೀನು ಎಲ್ಲಿ ಅಂತ ಹುಡುಕುವುದು? ಅವನಿಗೆ ಅರಿವಾಗುವಷ್ಟರಲ್ಲಿ ನೀರು ಇಳಿಯತೊಡಗಿ ಬಹಳ ಹೊತ್ತಾಗಿತ್ತು.

ಬರಿಗೈಯಲ್ಲಿ ದೋಣಿ ತಿರುಗಿಸಿದ.

ಆದರೆ ಇದು ಬೆಳಿಗ್ಗೆ ಬಂದ ಹೊಳೆಯಲ್ಲ. ಗಿಡಗಳೆಲ್ಲ ಎದ್ದು ನಿಂತಂತೆ ಎತ್ತರವಾಗಿದ್ದವು. ಎಲೆ ಇದ್ದಲ್ಲಿ ಬೇರು, ನೀರು ಇದ್ದಲ್ಲಿ ಕೆಸರಿನ ಗೋಡೆ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಂದೂ ಕೆಂಪು ಬಟ್ಟೆಯಿಲ್ಲ.

"ಗುರುಗಳೇ, ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ."

ಗುರುಗಳು ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಸರಿಮಾಡಿಕೊಂಡರು.

ಜಟ್ಟಪ್ಪನಿಗೆ ತನ್ನೂರಿನ ಹೊಳೆ ನೆನಪಾಯಿತು. ಅಲ್ಲಿ ದಾರಿ ತಪ್ಪಿದವನು ನೀರು ಹೋದ ಕಡೆ ಹೋದರೆ ಸಾಕು, ಊರು ಸಿಗುತ್ತಿತ್ತು. ಅವನು ದೋಣಿಯನ್ನು ಹರಿವಿಗೆ ಬಿಟ್ಟ.

ದೋಣಿ ಓಡಿತು. ಮೊದಲು ಸಮಾಧಾನವೆನಿಸಿತು, ಆಮೇಲೆ ಹೆಚ್ಚೇ ಓಡುತ್ತಿದೆ ಅನಿಸಿತು. ತಿರುವಿನಾಚೆ ದೊಡ್ಡದೊಂದು ಸದ್ದು ಕೇಳಿಸಿತು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ತೆರೆ ಒಡೆಯುವ ಸದ್ದು. ಜಟ್ಟಪ್ಪ ಹುಟ್ಟನ್ನು ಹಿಂದಕ್ಕೆ ಒತ್ತಿದ. ಅವನ ಬಲವೆಲ್ಲ ಸೇರಿದರೂ ದೋಣಿ ಮುಂದಕ್ಕೇ ಹೋಯಿತು. ಕಣ್ಣೆದುರಿಗೆ ಜಗಲಿಯಲ್ಲಿ ಕೂತ ಸಾತಮ್ಮ ಬಂದಳು.

ಗುರುಗಳು ಎದ್ದರು. ಹಗ್ಗ ಕಟ್ಟಿದ ಲಂಗರುಗಲ್ಲನ್ನು ಎತ್ತಿ ನೀರಿಗೆ ಬಿಟ್ಟರು. ದೋಣಿ ಜಗ್ಗಿ, ನಡುಗಿ, ನಿಂತಿತು.

ಆಮೇಲೆ ಅವರು ಶಿಷ್ಯನ ಕೈಯಿಂದ ಹುಟ್ಟನ್ನು ತೆಗೆದುಕೊಂಡು, ಅಡ್ಡಲಾಗಿ ಇಟ್ಟು, ಅದರ ಮೇಲೆ ಕೂತುಬಿಟ್ಟರು. ಗಂಟು ಬಿಚ್ಚಿದರು.

"ಅವಲಕ್ಕಿ ತಿನ್ನು."

"ಗುರುಗಳೇ, ಇಳಿತ ಮುಗೀತಾ ಬಂತು. ಈಗ ಹೋಗದಿದ್ದರೆ ನನಗೆ ಗೂಟವಿಲ್ಲ."

"ಬೆಲ್ಲವೂ ಉಂಟು," ಅಂದರು ಗುರುಗಳು.

ನೀರು ಇಳಿಯಿತು. ದೋಣಿ ಕೆಸರಿಗೆ ಕೂತಿತು. ತೆರೆಯ ಸದ್ದು ದೂರಕ್ಕೆ ಸರಿಯಿತು. ಅಷ್ಟು ದೊಡ್ಡ ಹೊಳೆ ಒಂದು ತೋಡಿನಷ್ಟು ಸಣ್ಣದಾಗಿ ದೋಣಿಯ ಮಗ್ಗುಲಲ್ಲಿ ಹರಿಯುತ್ತಿತ್ತು. ಜಟ್ಟಪ್ಪ ತಲೆಗೆ ಕೈಹೊತ್ತು ಅದನ್ನೇ ನೋಡುತ್ತ ಕೂತ.

ಆ ತೋಡಿನಲ್ಲಿ ಏನೋ ಮಿಂಚಿತು. ಮತ್ತೊಂದು ಮಿಂಚಿತು. ಮಡುವಿನ ತುಂಬ ಹರಡಿದ್ದ ಮೀನೆಲ್ಲ ಈ ಇಕ್ಕಟ್ಟಿಗೇ ಇಳಿದು ಬರುತ್ತಿತ್ತು. ಗುರುಗಳು ಗದ್ದದಿಂದ ಬಲೆಯ ಕಡೆ ತೋರಿಸಿದರು.

ಕೂತಲ್ಲಿಂದಲೇ ಬೀಸಿದ. ಬಲೆ ಎತ್ತಲಾರದಷ್ಟು ನೊಗಲಿ ಮೀನು ಬಿತ್ತು. ದೊಡ್ಡದು ನೋಡಿ ಅಮ್ಮನಿಗೆಂದು ತೆಗೆದಿಟ್ಟ. ಮರಿಗಳನ್ನು ಗುರುಗಳು ಒಂದೊಂದಾಗಿ ಹೆಕ್ಕಿ ನೀರಿಗೆ ಬಿಟ್ಟರು.

ಬಿಸಿಲು ಬಾಗಿತು. ಕಡಲಿನ ಕಡೆಗೆ ಹೋಗುತ್ತಿದ್ದ ಒಂದು ಹಣ್ಣೆಲೆ ನಡುವೆಯೇ ನಿಂತಿತು, ಒಂದು ಸುತ್ತು ಸುತ್ತಿತು, ಆಮೇಲೆ ಮೆಲ್ಲಗೆ ಒಳಗಡೆಗೆ ಹೊರಟಿತು.

"ಗುರುಗಳೇ, ಹೊಳೆ ತಿರುಗಿತು."

"ಯಾವ ಕಡೆಗೆ ಹರಿತದೆ?"

"ಈಗ ಒಳಕ್ಕೆ."

ಗುರುಗಳು ಎದ್ದು ಹುಟ್ಟನ್ನು ಅವನ ಕೈಗೆ ಕೊಟ್ಟರು.

ನೀರು ದೋಣಿಯನ್ನು ಎತ್ತಿಕೊಂಡಿತು, ಮಗುವನ್ನು ಎತ್ತುವ ಹಾಗೆ. ತಪ್ಪಿ ಹೊಕ್ಕ ಕವಲಿನಿಂದ ಅದೇ ನೀರು ಹಿಂದಕ್ಕೆ ತಂದು ಬಿಟ್ಟಿತು. ಕವಲಿನ ಬಾಯಲ್ಲಿ ಕೊಂಬೆಯೊಂದು ಜಟ್ಟಪ್ಪನ ತಲೆಗೆ ಬಡಿಯಿತು. ಕತ್ತೆತ್ತಿದ. ಸಂಜೆ ಬಿಸಿಲಿಗೆ ಕೆಂಪು ಬಟ್ಟೆ ಅಲ್ಲೇ ಆಡುತ್ತಿತ್ತು.

"ಗುರುಗಳೇ, ಬಟ್ಟೆ ಕೆಳಗೆ ಬಂತು."

"ಅದು ನೀನು ಕಟ್ಟಿದಲ್ಲೇ ಉಂಟು."

ಜಟ್ಟಪ್ಪ ಒಂದು ಗಳಿಗೆ ಹುಟ್ಟು ಹಾಕುವುದನ್ನು ಮರೆತ. ಆಮೇಲೆ ನಗತೊಡಗಿದ. ನಗುತ್ತ ನಗುತ್ತ ಅವನ ಕಣ್ಣು ತುಂಬಿತು. ಆ ತಿರುವಿಗೆ ಒಂದು, ಈ ತಿರುವಿಗೆ ಒಂದು, ಸಾತಮ್ಮನ ಸೀರೆ ಅವನನ್ನು ಕೈಹಿಡಿದು ಕರೆತಂದಿತು.

ಅಮ್ಮನ ಗುಡಿಯಲ್ಲಿ ದೀಪ ಕಾಣುತ್ತಿತ್ತು. ಗುರುಗಳಿಲ್ಲವೆಂದು ಸಾತಮ್ಮನೇ ಹಚ್ಚಿದ್ದಳು. ದೋಣಿ ಕಂಡದ್ದೇ ಅವಳು ದಂಡೆಯಲ್ಲಿ ಕುಸಿದು ಕೂತಳು. ಗಂಡ ಹತ್ತಿರ ಬಂದ ಮೇಲೆ ಚೆನ್ನಾಗಿ ಬೈದಳು. ಬೈದು ಮುಗಿಸಿ ಅವನ ತೋಳು ಹಿಡಿದುಕೊಂಡವಳು ಬಿಡಲಿಲ್ಲ.

ದಂಡೆಯವರೆಲ್ಲ ಅಲ್ಲೇ ಇದ್ದರು. ಹುಡುಕಲಿಕ್ಕೆಂದು ಪರ್ಸಪ್ಪ ತನ್ನ ದೋಣಿ ಬಿಚ್ಚಿ ನಿಂತಿದ್ದ.

ಜಟ್ಟಪ್ಪ ಮೀನನ್ನು ಅಮ್ಮನ ಮೆಟ್ಟಿಲಿಗೆ ಇಟ್ಟು ಕೈಮುಗಿದ. ತಾನು ದಾರಿ ತಪ್ಪಿದ್ದನ್ನು, ಅಳಿವೆಯ ಬಾಯಿಗೆ ಹೋದದ್ದನ್ನು, ಇಳಿತಕ್ಕೆ ಮರಳಲಾಗದೆ ಮುಂದಿನ ಏರುನೀರಿಗೆ ಬಂದದ್ದನ್ನು ಮುಚ್ಚಿಡದೆ ಹೇಳಿದ. ನಾಳೆ ಬೇರೆ ದಂಡೆ ನೋಡುತ್ತೇವೆ ಎಂದ.

ಪರ್ಸಪ್ಪ ಗುರುಗಳ ಮುಖ ನೋಡಿದ.

"ಕಟ್ಟಳೆ ತಪ್ಪಿತಲ್ಲ ಗುರುಗಳೇ. ಏನು ಮಾಡುವ?"

ಗುರುಗಳು ದೋಣಿಯಿಂದ ಇಳಿದು, ಕಾಲಿನ ಕೆಸರು ತೊಳೆದುಕೊಂಡು, ಗುಡಿಯ ಕಡೆ ಹೊರಟವರು ನಿಂತರು.

"ಅವನಿಗೊಂದು ಗೂಟ ತೋರಿಸು ಪರ್ಸಪ್ಪ. ಹಗ್ಗ ಉದ್ದ ಬಿಟ್ಟು ಕಟ್ಟಲಿ."