ಗಂಟಲಿನ ಕಾವಲು

ಸೂರ್ಯಾಸ್ತದ ಹೊತ್ತು. ಹೊರಗೆ ಥಂಡಿಗಾಳಿ, ಮಗುವಿನ ಮೈಯೊಳಗೆ ಏರುತ್ತಿರುವ ಜ್ವರ. ಹಾಜರಿದ್ದವರು: ಗಂಟಲಿನ ಬಾಗಿಲು ಕಾಯುವ ಹಳೆಯ ರೋಗಗಳನ್ನು ನೆನಪಿಡುವ ರಕ್ತಕಣಗಳಾದ ಅಕ್ಕ ಮತ್ತು ತಂಗಿ, ಅವರಿಗೆ ಬಾಣವಿದ್ಯೆ ಕಲಿಸಿದ, ಜ್ವರ ಬಂದಾಗ ಊದಿಕೊಳ್ಳುವ ಕೊರಳಿನ ಗಂಟು, ಮತ್ತು ಕರೆಯದೆ ಬಂದ ಒಂದು ವೈರಸ್.

“ಹೋದ ವರ್ಷ ಸೋತವನ ಕುಲದವನೇ ಇವನು,” ಎಂದು ಅಕ್ಕ ಹಳೆಯ ಬಾಣಗಳನ್ನೇ ಬಿಟ್ಟಳು. ಅವು ವೈರಸ್ಸಿನ ಹೊಸ ಅಂಗಿಗೆ ತಾಗಿ ಜಾರಿ ಬಿದ್ದವು.

“ನಿಮ್ಮ ನೆನಪಿನ ಶಕ್ತಿ ದೊಡ್ಡದು, ಅಕ್ಕನವರೇ,” ಎಂದಿತು ವೈರಸ್. “ಅದನ್ನೇ ನಂಬಿಕೊಂಡು ಬಂದಿದ್ದೇನೆ.”

ಅದು ಬಾಗಿಲು ದಾಟಿತು. ಮಗುವಿನ ಉಸಿರು ಸಿಳ್ಳೆಯಂತೆ ಕೇಳತೊಡಗಿತು.

ತಂಗಿ ದಿಟ್ಟಿಸಿ ನೋಡಿದಳು. “ಅಕ್ಕಾ, ಅಂಗಿ ಮಾತ್ರ ಬೇರೆ. ಬಾಗಿಲು ತೆರೆಯುವ ಕೈ ಹೆಚ್ಚುಕಡಿಮೆ ಅದೇ!”

“ಬಾಯಿ ಮುಚ್ಚು. ಯುದ್ಧ ಕಂಡವಳು ನಾನು,” ಎಂದು ಅಕ್ಕ ಮತ್ತೆ ಅಂಗಿಗೇ ಗುರಿಯಿಟ್ಟಳು.

ತಂಗಿ ಗಂಟಿನ ಬಳಿಗೆ ಓಡಿ, ತನ್ನ ಬಾಣದ ಮೊನೆ ಮುರಿದು ಹೊಸದಾಗಿ ಮಸೆದಳು. ಅದು ನಾಟಲಿಲ್ಲ. ಮತ್ತೆ ಮಸೆದಳು, ಅದೂ ನಾಟಲಿಲ್ಲ. ಅಷ್ಟರಲ್ಲಿ ಮಗುವಿನ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು. ಕೊನೆಗೊಂದು ಬಾಣ ವೈರಸ್ಸಿನ ಕೈಗೆ ನೇರವಾಗಿ ನಾಟಿತು. ವೈರಸ್ ಕುಸಿಯಿತು. ಮಗು ಬೆವತು, ಉಸಿರೆಳೆದು, ನಿದ್ದೆ ಹೋಯಿತು.

“ಸರಿಯಾದ ಮೊನೆ ಸಿಕ್ಕಿತು!” ಎಂದಳು ತಂಗಿ. “ಇನ್ನು ಇದನ್ನು ಎಂದೆಂದಿಗೂ ಬದಲಿಸುವುದಿಲ್ಲ.”

ಅಕ್ಕ ತಲೆ ತಗ್ಗಿಸಿದಳು. ಗಂಟು ಎಲ್ಲರಿಗೂ ಕೇಳುವಂತೆ ತೀರ್ಪು ನುಡಿಯಿತು:

“ಹೋದ ವರ್ಷ ನಿನ್ನ ಅಕ್ಕ ಇಲ್ಲಿಯೇ ನಿಂತು ಇದೇ ಮಾತು ಹೇಳಿದ್ದಳು. ಸತ್ತವನ ದಾಯಾದಿಗಳು ಈಗಲೇ ಎಲ್ಲೋ ಹೊಸ ಅಂಗಿ ತೊಡುತ್ತಿದ್ದಾರೆ. ಇಬ್ಬರೂ ಮಸೆಯಲು ಕೂರಿ.”