ಬೆಚ್ಚಗಿನ ತಂತಿ

ಒಂದು ಕಾಡಿನ ಮೂಡಣ ಅಂಚಿನಲ್ಲಿ ಜಲಪಾತವಿತ್ತು. ಅಲ್ಲಿ ಭರಮಣ್ಣ ಎಂಬ ಕರಡಿ ನೀರಿನ ಚಕ್ರ ತಿರುಗಿಸಿ ಕರೆಂಟು ತೆಗೆಯುತ್ತಿತ್ತು. ಪಡುವಣ ಅಂಚಿನಲ್ಲಿ ಹೊನ್ನಕ್ಕ ಎಂಬ ಕಾಡುಕೋಳಿಯ ಮನೆ. ಆ ವರ್ಷ ಅದಕ್ಕೆ ರೆಕ್ಕೆಯಡಿ ಹಿಡಿಸಲಾರದಷ್ಟು ಮರಿಗಳು. ಮಾಗಿಯ ಚಳಿ ಬೇರೆ. ಹೊರಗುಳಿದ ಮರಿಗಳಿಗೆ ಒಂದು ಬಲ್ಬಿನ ಕಾವೇ ಗತಿ.

ಕರೆಂಟು ಕಾಡಿನುದ್ದಕ್ಕೂ ತಂತಿಯಲ್ಲಿ ಬರಬೇಕಿತ್ತು. ಬರುವಷ್ಟರಲ್ಲಿ ಸೊರಗುತ್ತಿತ್ತು. ಬಲ್ಬು ಮಿಣುಕುತ್ತಿತ್ತು, ಮರಿಗಳು ನಡುಗುತ್ತಿದ್ದವು.

ಹೊನ್ನಕ್ಕ ಕಾಡು ದಾಟಿ ಹೋಯಿತು. “ಭರಮಣ್ಣ, ಬಲ್ಬು ಸರಿಯಾಗಿ ಉರಿಯುತ್ತಿಲ್ಲ.”

“ನಾನು ಧಾರಾಳವಾಗಿ ಕಳಿಸ್ತಾ ಇದ್ದೀನಲ್ಲಮ್ಮ! ತಂತಿ ಎಷ್ಟು ಬಿಸಿ ಇದೆ ಅಂತ ಆ ಓತಿಕ್ಯಾತಗಳನ್ನೇ ಕೇಳು.”

ಅದೂ ನಿಜವೇ. ತಂತಿಯ ಪಕ್ಕದ ಕೊಂಬೆಗಳಲ್ಲೆಲ್ಲ ಓತಿಕ್ಯಾತಗಳು ಹೊಟ್ಟೆ ಚಾಚಿ ಮಲಗಿ ಕಾವು ಕಾಯಿಸಿಕೊಳ್ಳುತ್ತಿದ್ದವು. “ನಿಮ್ಮಂಥ ಯಜಮಾನರಿಲ್ಲ” ಎಂದು ಭರಮಣ್ಣನಿಗೆ ದಿನವೂ ಹೇಳಿ ಹೋಗುತ್ತಿದ್ದವು.

ಹೊನ್ನಕ್ಕ ನೆರೆಮನೆಯ ಲಿಂಗಮ್ಮನಲ್ಲಿಗೆ ಬಂತು. ಲಿಂಗಮ್ಮ ಜೇಡ. ತಂತಿ ಸುತ್ತುವುದು ಅದರ ಕಸುಬು.

“ಓತಿಕ್ಯಾತಗಳು ಕಾಯಿಸಿಕೊಳ್ಳುತ್ತಿರುವುದು ನಿನ್ನ ಮರಿಗಳ ಕಾವನ್ನೇ ಕಣೇ,” ಎಂದಿತು ಲಿಂಗಮ್ಮ. “ತಂತಿಯಲ್ಲಿ ಹೆಚ್ಚು ಕರೆಂಟು ಹರಿದಷ್ಟೂ ಹೆಚ್ಚು ಶಕ್ತಿ ದಾರಿಯಲ್ಲೇ ಶಾಖವಾಗಿ ಹೋಗುತ್ತೆ. ಒತ್ತಡ, ಅಂದರೆ ವೋಲ್ಟೇಜು, ಏರಿಸಿದರೆ ಸ್ವಲ್ಪ ಕರೆಂಟೇ ಅಷ್ಟೂ ಶಕ್ತಿ ಹೊತ್ತು ತರುತ್ತೆ.”

“ಆ ಒತ್ತಡಕ್ಕೆ ನನ್ನ ಬಲ್ಬು ಒಡೆಯಲ್ಲವೇ?”

“ಅದಕ್ಕೇ ಎರಡು ಪೆಟ್ಟಿಗೆ. ಜಲಪಾತದ ಹತ್ತಿರ ಏರಿಸೋದಕ್ಕೊಂದು, ಇಲ್ಲಿ ಇಳಿಸೋದಕ್ಕೊಂದು.”

ಲಿಂಗಮ್ಮ ಎರಡು ಪೆಟ್ಟಿಗೆಗಳಲ್ಲಿ ಸುರುಳಿ ಸುತ್ತಿತು. ಏಕೆಂದು ಅರ್ಥವಾಗದಿದ್ದರೂ ಭರಮಣ್ಣ ತಂತಿಯನ್ನು ಯಾರಿಗೂ ಎಟುಕದ ಎತ್ತರದ ಕಂಬಗಳಿಗೆ ಏರಿಸಿಕೊಟ್ಟಿತು. ಬಲ್ಬು ಝಗ್ಗೆಂದು ಉರಿಯಿತು. ಮರಿಗಳು ಅದರ ಕೆಳಗೆ ಕಾಲು ಚಾಚಿ ನಿದ್ದೆ ಹೋದವು.

ಓತಿಕ್ಯಾತಗಳು ಗುಂಪಾಗಿ ಜಲಪಾತಕ್ಕೆ ಬಂದವು.

“ಯಜಮಾನರೇ, ಕರೆಂಟು ಸತ್ತುಹೋಯಿತು! ಮೈನಾ ಹಕ್ಕಿ ತಂತಿಯ ಮೇಲೆ ಕೂತು ನೋಡಿತು. ಕಾಲಿಗೆ ಬರೀ ತಣ್ಣಗಂತೆ.”

ಭರಮಣ್ಣ ಗಾಬರಿಯಿಂದ ನೀರಿನ ತೂಬು ಮುಚ್ಚಿ ಚಕ್ರ ನಿಲ್ಲಿಸಿತು. ಕರೆಂಟು ಎಲ್ಲಿ ಸತ್ತಿದೆ ಎಂದು ತಂತಿಯ ಕೆಳಗೇ ಹುಡುಕುತ್ತ ನಡೆದು, ಸಂಜೆಗೆ ಹೊನ್ನಕ್ಕನ ಮನೆ ಮುಟ್ಟಿತು.

“ಮಧ್ಯಾಹ್ನ ಆರಿಹೋಯಿತು,” ಎಂದಿತು ಹೊನ್ನಕ್ಕ. “ಅಲ್ಲಿಯವರೆಗೆ ಹಗಲಿನ ಹಾಗೆ ಉರಿಯುತ್ತಿತ್ತು.”

“ಉರಿಯುತ್ತಿತ್ತೇ? ತಂತಿ ತಣ್ಣಗಿತ್ತಲ್ಲ!”

“ತಣ್ಣಗಿದ್ದದ್ದಕ್ಕೇ ಉರಿಯುತ್ತಿತ್ತು ಮಾರಾಯ! ಚಕ್ರ ನಿಲ್ಲಿಸಿದೆಯಾ?”

ಮರಿಗಳು ಆಗಲೇ ನಡುಗತೊಡಗಿದ್ದವು.

“ಓಡಿಹೋಗಿ ತೂಬು ತೆರೆದು ಬರುತ್ತೇನೆ,” ಎಂದಿತು ಭರಮಣ್ಣ.

“ನೀನು ಎಲ್ಲೂ ಹೋಗಬೇಡ. ಇಲ್ಲಿ ಮಲಗು,” ಎಂದಿತು ಹೊನ್ನಕ್ಕ. ಕರಡಿಯ ಉಣ್ಣೆಯಂಥ ರೋಮದೊಳಗೆ ಮರಿಗಳನ್ನೆಲ್ಲ ತೂರಿಸಿತು. ಕೆಲವು ಕಿವಿಯಲ್ಲೂ ಜಾಗ ಹುಡುಕಿಕೊಂಡವು. “ಅಲುಗಾಡಬೇಡ.”

ತೂಬು ತೆರೆಯಲು ಲಿಂಗಮ್ಮ ಹೊರಟಿತು. ಜೇಡ ಒಂದು ಕಾಡನ್ನು ದಾಟಲು ಎಷ್ಟು ಹೊತ್ತು ಬೇಕೆಂದು ನಿಮಗೆ ಹೇಳಬೇಕಿಲ್ಲ. ಬಲ್ಬು ಮತ್ತೆ ಹೊತ್ತುವವರೆಗೂ ಭರಮಣ್ಣ ಸೀನಲೂ ಇಲ್ಲ.

ನೀತಿ: ದಾರಿಯಲ್ಲಿ ಚೆಲ್ಲಿದ ಬಿಸಿಯಿಂದ ಕೆಲಸವನ್ನು ಅಳೆಯಬಾರದು, ಕೊನೆಗೆ ತಲುಪಿದ್ದರಿಂದ ಅಳೆಯಬೇಕು.