ಚೆನ್ನಾಗಿದೆ ಎನ್ನದ ತಾಯಂದಿರು

"ಬೇಕಾದ ಉತ್ತರವೇ ಬಂದಮೇಲೆ ಇನ್ನೂ ಏಕೆ ಕಾಯಬೇಕು, ಮೇಡಂ?" ಎಂದು ಇಂದುಧರ ಕೇಳಿದ.

ಕೂರಲು ಹೇಳಿದರೂ ಅವನು ಕೂತಿರಲಿಲ್ಲ. ಮಕ್ಕಳ ಭೇದಿಯನ್ನು ತಡೆಯಲು ಅವನೊಂದು ಲಸಿಕೆ ಸಿದ್ಧಪಡಿಸಿದ್ದ. ಬಾಯಿಗೆ ಹಾಕುವ ಹನಿ. ಹನಿ ಹಾಕಿದ ಊರುಗಳಲ್ಲಿ ಮಕ್ಕಳು ಚೆನ್ನಾಗಿದ್ದಾರೆ, ಹಾಕದ ಊರುಗಳಲ್ಲಿ ದೂರೋ ದೂರು. ಇಷ್ಟಾದರೂ ಅವನ ಗುರು ನಾಗಲಾಂಬಿಕೆ ವರದಿಗೆ ಸಹಿ ಹಾಕಿರಲಿಲ್ಲ. ಅವರ ಸಹಿಯಿಲ್ಲದೆ ಹನಿ ಬೇರೆ ಊರುಗಳಿಗೆ ಹೋಗುವಂತಿರಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ತಡವಾದಷ್ಟೂ ಮಕ್ಕಳು ಸಾಯುತ್ತಾರೆ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

"ಹನಿ ಹಾಕಿಸಿದ ಮನೆಗಳಿಗೆ ನೀನು ಹೋಗಿದ್ದೆಯಾ?" ಎಂದರು ನಾಗಲಾಂಬಿಕೆ.

"ನಮ್ಮ ತಂಡದ ಹುಡುಗಿಯರು ಹೋಗಿ ಕೇಳಿಕೊಂಡು ಬಂದಿದ್ದಾರೆ. ಅಲ್ಲಿಯ ತಾಯಂದಿರಿಗೆ ನಾವೆಂದರೆ ಪ್ರಾಣ, ಮೇಡಂ. ಕಾಫಿ ಕುಡಿಸದೆ ಯಾರನ್ನೂ ಕಳಿಸುವುದಿಲ್ಲ."

"ಹಾಗಾದರೆ ಕಾಫಿ ನಾನೂ ಕೊಡುತ್ತೇನೆ. ಕೂತುಕೋ," ಎಂದು ಅವರು ಕತೆ ತೆಗೆದರು.

ಒಬ್ಬ ವಿಜ್ಞಾನಿ ಇದ್ದ. ಕರುಳಿನ ರೋಗಾಣುವೊಂದರ ಬೆನ್ನು ಹತ್ತಿ ಅವನ ತಲೆ ನರೆತಿತ್ತು. ಕೊನೆಗೆ ಲಸಿಕೆ ಕೈಗೂಡಿತು. ಒಂದು ಸೀಮೆಯ ಅರ್ಧ ಮಕ್ಕಳಿಗೆ ಲಸಿಕೆಯ ಹನಿ ಹಾಕಿಸಿದ, ಉಳಿದವರಿಗೆ ಬರಿಯ ಸಿಹಿನೀರಿನ ಹನಿ. ಯಾವ ಮಗುವಿಗೆ ಯಾವುದು ಎಂದು ತಾಯಂದಿರಿಗೂ ತಿಳಿಯದು, ಹನಿ ಹಾಕಿದವರಿಗೂ ತಿಳಿಯದು. ಅವನ ಜನ ವಾರವಾರವೂ ಬಾಗಿಲಲ್ಲಿ ನಿಂತು, ಮಗು ಹೇಗಿದೆ ಎಂದು ಕೇಳಿಕೊಂಡು ಬಂದರು.

ಇಂದುಧರ ಬೆರಳುಗಳ ನೆಟಿಗೆ ಮುರಿದ. ಅವನ ಊರುಗಳಲ್ಲಿ ಯಾರಿಗೆ ಹನಿ ಹಾಕಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕತೆಯ ವಿಜ್ಞಾನಿಗೆ ಉತ್ತರ ಕೆಟ್ಟದ್ದೇ ಬಂತು. ಎರಡು ಕಡೆಯ ಮಕ್ಕಳಿಗೂ ಒಂದೇ ಸಮ ಭೇದಿ. ಇದನ್ನು ಇಲ್ಲಿಗೆ ಬಿಟ್ಟುಬಿಡು ಎಂದರು ಜೊತೆಯವರು. ವಿಜ್ಞಾನಿಗೆ ಊಟ ಸೇರಲಿಲ್ಲ. ಎಲ್ಲೋ ಏನೋ ತಪ್ಪಿದೆ ಎಂದುಕೊಂಡು ತಾನೇ ಆ ಸೀಮೆಗೆ ಹೊರಟ.

ಮೊದಲ ಮನೆಯ ಜಗಲಿಯ ಮೇಲೆ ತಾಯಿಯೊಬ್ಬಳು ರಾಗಿ ಕೇರುತ್ತಿದ್ದಳು. ಮಗು ಹೇಗಿದೆಯಮ್ಮ ಎಂದು ಕೇಳಿದ.

"ಏನು ಹೇಳಲಿ ಸ್ವಾಮಿ. ದಿನಾ ಭೇದಿ. ಮೈಯಲ್ಲಿ ಹಿಡಿ ಮಾಂಸವಿಲ್ಲ."

ಅವಳ ಬೆನ್ನ ಹಿಂದೆ ಒಂದು ಮಗು ರಾಗಿಯ ಪುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಹತ್ತುತ್ತಿತ್ತು. ಅದರ ತೊಡೆಗಳು ಮಡಿಕೆ ಮಡಿಕೆಯಾಗಿದ್ದವು.

"ಇದೇನಾ ಮಾಂಸವಿಲ್ಲದ ಮಗು? ಗುಂಡುಕಲ್ಲಿನ ಹಾಗಿದೆಯಲ್ಲಮ್ಮ," ಎಂದ ವಿಜ್ಞಾನಿ.

ತಾಯಿ ಮೊರ ಬಿಟ್ಟು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. "ಬಿಡ್ತು ಅನ್ನಿ ಸ್ವಾಮಿ. ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತೆ. ಅದೂ ನಿಮ್ಮಂಥ ಜೀಪಿನಲ್ಲಿ ಬಂದವರ ಮುಂದೆ."

ಮುಂದಿನ ಮನೆಯಲ್ಲೂ ಇದೇ ಆಯಿತು. ಅದರಾಚೆಯ ಮನೆಯಲ್ಲಿ ಮಗು ನಿಜಕ್ಕೂ ಸುಸ್ತಾಗಿ ಮಲಗಿತ್ತು. ಆ ತಾಯಿಯೂ ಅದೇ ಮಾತು ಹೇಳಿದಳು. ಗಟ್ಟಿ ಮಗುವಿನ ತಾಯಿಗೂ ನರಳುವ ಮಗುವಿನ ತಾಯಿಗೂ ಒಂದೇ ಉತ್ತರ.

ವಿಜ್ಞಾನಿ ಕೇಳುವುದನ್ನು ನಿಲ್ಲಿಸಿದ. ಮಕ್ಕಳನ್ನು ತೂಗಿಸಿದ, ಮಲ ತರಿಸಿ ಪರೀಕ್ಷಿಸಿದ, ಹಗ್ಗದ ಮೇಲೆ ಒಣಗುವ ಕೂಸಿನ ಬಟ್ಟೆಗಳನ್ನು ಲೆಕ್ಕಕ್ಕೆ ತಂದ. ಕೆಲಸವೆಲ್ಲ ಮೊದಲಿನಿಂದ ಆಯಿತು. ಆ ನಡುವೆ ಒಂದು ಮಳೆಗಾಲ ಕಳೆಯಿತು. ಲಸಿಕೆ ಒಳ್ಳೆಯದೆಂದು ಆಮೇಲೆ ತಿಳಿಯಿತು.

ಇಂದುಧರ ಎದ್ದು ನಿಂತ. ಕಾಫಿ ಮುಟ್ಟಿರಲಿಲ್ಲ. "ಕೊನೆಗೆ ಗೆದ್ದನಲ್ಲ, ಮೇಡಂ. ಒಳ್ಳೆಯ ಲಸಿಕೆ ಗೆದ್ದೇ ಗೆಲ್ಲುತ್ತದೆ. ನಾನು ಹೇಳುತ್ತಿರುವುದೂ ಅದನ್ನೇ," ಎಂದು ವರದಿಯ ಮೇಲೆ ಪೆನ್ನು ತೆಗೆದಿಟ್ಟ.

ನಾಗಲಾಂಬಿಕೆ ಪೆನ್ನನ್ನು ಅವನ ಕಡೆಗೇ ಸರಿಸಿದರು.

"ಬೇಡದ ಉತ್ತರ ಬಂತು, ಅದಕ್ಕೇ ಮನೆಮನೆಗೂ ಹೋಗಿ ನೋಡಿದ. ಆ ತಾಯಂದಿರು ಚೆನ್ನಾಗಿದೆ ಎಂದಿದ್ದರೆ ಹೋಗುತ್ತಿದ್ದನೇನಯ್ಯ?"